ದೇವರ ಮರಕ್ಕೆ ಬಂದ ಬಣ್ಣ

ಸಿಡ್ಡು ಕಡುಬು ಆಮೇಲೆ ತಿಂತೀನಿ ಅಣ್ಣ, ತುಪ್ಪ ಕಾಯಿಸೋದು ಬೇಡ ಅಂತ ಅತ್ತಿಗೆಗೆ ಹೇಳು... ಮೊದಲು ಈ ಸೇಬು ನೋಡು. ಗುಡಿ ಅಂಗಳದ ದೇವರ ಮರದ್ದು. ನಾನು ಕಿತ್ತಿದ್ದಲ್ಲ, ಬಿದ್ದಿತ್ತು, ಎತ್ತಿಕೊಂಡು ಬಂದೆ. ಕೆಂಪಗಿದೆಯಾ ಇಲ್ವಾ, ನೀನೇ ಹೇಳು. ದೇವರ ಮರ ಕೆಂಪಾದರೆ ನಮ್ಮ ದೇವರು ಮಹಾರಾಜನಿಗೆ ಮೊದಲ ಬುಟ್ಟಿ, ಮರುದಿನದಿಂದ ಊರಿಗೆಲ್ಲ ಕೊಯ್ಲು. ಅಜ್ಜನ ಕಾಲದ ಕಟ್ಟು. ನಾನೇನು ಹೊಸದು ಕೇಳ್ತಿದ್ದೀನಾ? ನೀನು ಮಹಾರಾಜನ ಗೂರ್. ನಾಳೆ ಬೆಳಿಗ್ಗೆ ಅವನು ನಿನ್ನ ಮೈಮೇಲೆ ಬಂದು 'ಆಗಲಿ, ಕೊಯ್ಯಿರಿ' ಅಂದರೆ ಮುಗೀತು.

ಯಾಕೆ ನಗ್ತೀಯ?

ಅವಸರ ನನಗೊಬ್ಬನಿಗೇ ಅಲ್ಲ... ಸರಿ, ನನಗೇ. ನನಗೇ ಅವಸರ. ನನ್ನ ತೋಟದ ಪಕ್ಕದಲ್ಲೇ ದಿನಾ ಓಡಾಡ್ತೀಯ, ನಿನ್ನ ಹತ್ತಿರ ಮುಚ್ಚಿಡೋದೇನು. ಬಣ್ಣದ ಔಷಧಿ ಹೊಡೆದೆ. ಹೂಂ, ನನ್ನ ಮರಗಳಿಗೆ ಹೊಡೆದೆ. ಹೋದ ವರ್ಷ ಮಂಡಿಯಲ್ಲಿ ಆ ದಲ್ಲಾಳಿ ಎಲ್ಲರ ಮುಂದೆ ಏನಂದ ಗೊತ್ತಾ? 'ಬಂದ ನೋಡ್ರಪ್ಪ ಜಿಯಾಲಾಲ, ಊಟ ಮುಗಿದು ಎಲೆ ಎತ್ತಿದ ಮೇಲೆ ಬಡಿಸೋಕೆ' ಅಂದ. ಹಮಾಲರೂ ನಕ್ಕರು ಅಣ್ಣ. ಒಂದು ಸಲ, ಒಂದೇ ಸಲ, ಊರಿನ ಮೊದಲ ಲಾರಿ ನನ್ನದಾಗಲಿ ಅಂತ ಆಸೆಪಟ್ಟೆ. ತಪ್ಪಾ?

ಔಷಧಿಯದೇನೂ ತಪ್ಪಿಲ್ಲ. ಮೊದಲು ಹಣ್ಣು ಉದುರದ ಹಾಗೆ ತೊಟ್ಟು ಹಿಡಿಯೋದು, ಆಮೇಲೆ ಬಣ್ಣದ್ದು. ಎರಡೂ ಕ್ರಮವಾಗೇ ಹೊಡೆದೆ. ಪ್ರತಿ ವರ್ಷ ಇಷ್ಟು ಹೊತ್ತಿಗೆ ದೇವರ ಮರ ಕೆಂಪಾಗಿರುತ್ತಲ್ಲ, ಆ ಅಂದಾಜಿನಲ್ಲೇ ಹೊಡೆದಿದ್ದು. ಆದರೆ ಈ ಸಲ ಬರೀ ಮಳೆ, ಮಂಜು... ಶ್ರಾವಣ ಪೂರ್ತಿ ಸೂರ್ಯನ ಮುಖ ಕಾಣಲಿಲ್ಲ. ನನ್ನ ಮರ ಕೆಂಪು, ದೇವರ ಮರ ಹಸಿರು. ಔಷಧಿ ಕುಡಿದ ಹಣ್ಣು ಯಾರಿಗೂ ಕಾಯ್ತಾ ಕೂರಲ್ಲ ಅಣ್ಣ. ಬಣ್ಣ ಬಂತು, ಮೆತ್ತಗಾಯ್ತು, ಈಗ ತೊಟ್ಟು ಬಿಡ್ತಿದೆ. ಕೊಯ್ದರೆ ದೇವರ ಕಟ್ಟು ಮುರಿದೆ ಅಂತ ನಮ್ಮನೆ ಹುಕ್ಕಾ ಯಾರೂ ಮುಟ್ಟಲ್ಲ, ನೀರು ಯಾರೂ ಕುಡಿಯಲ್ಲ. ಕೊಯ್ಯದಿದ್ದರೆ ಎಲ್ಲಾ ನೆಲದ ಪಾಲು. ಮರದ ಕೆಳಗೆ ಕೂತು ಧಪ್, ಧಪ್ ಅಂತ ಬೀಳೋದನ್ನ ಕೇಳ್ತಾ ಇದ್ದೆ. ಅತ್ತ ದರಿ, ಇತ್ತ ಪುಲಿ.

ಕೊನೆಗೆ ಮಹಾರಾಜನೇ ಕಣ್ಣು ಬಿಟ್ಟ. ಅವನ ಮರ ಕೆಂಪಾಯ್ತು.

ಹಂಗ್ಯಾಕೆ ನೋಡ್ತೀಯ? ಹೋಗಿ ನೋಡಿಬಂದ್ಯಾ ಆಗಲೇ? ಹೌದು, ದಾರಿ ಕಡೆ ಮಾತ್ರ ಕೆಂಪು, ಗುಡಿ ಕಡೆ ಇನ್ನೂ ಹಸಿರೇ. ಬಿಸಿಲು ಬೀಳೋದು ದಾರಿ ಕಡೆಗಲ್ವಾ, ಅದಕ್ಕೇ.

...ಬಿಸಿಲೇ ಇಲ್ಲ ಅಂತ ಈಗ ತಾನೇ ಅಂದೆ, ಹೌದು. ಮಾತಿಗೆ ಅಂದೆ. ಆಗೊಮ್ಮೆ ಈಗೊಮ್ಮೆ ಇಣುಕಿರುತ್ತೆ. ದೇವರ ಮರಕ್ಕೆ ಬಿಸಿಲೇ ಬೇಕು ಅಂತ ಇದೆಯಾ?

ಚಾಕು ಯಾಕೆ? ಸೀಳಬೇಡ ಅಣ್ಣ, ಇನ್ನೂ ದೇವರಿಗೆ ಮುಟ್ಟಿಸದ ಹಣ್ಣು ಅದು... ಸೀಳಿಬಿಟ್ಯಲ್ಲ. ಹೂಂ, ಬೀಜ ಬೆಳ್ಳಗಿದೆ. ನನಗೂ ಕಾಣುತ್ತೆ. ಬಲಿತ ಹಣ್ಣಿಗೆ ಬೀಜ ಕಪ್ಪಾಗಿರಬೇಕು, ಸಣ್ಣ ಮಕ್ಕಳಿಗೂ ಗೊತ್ತು. ಒಂದೊಂದು ಹಣ್ಣು ಹಂಗೇ ಇರುತ್ತಪ್ಪ, ಏನು ಮಾಡೋದು.

ಬೈದರೂ ಪರವಾಗಿಲ್ಲ. ಊರಿನವರೆಲ್ಲ ನಾಳಿದ್ದು ಕಾಯಿ ಕಿತ್ತು ಪೆಟ್ಟಿಗೆ ತುಂಬ್ತಾರೆ ಅಂತ ತಾನೇ ನಿನ್ನ ಚಿಂತೆ? ನಿನ್ನ ತೋಟವೂ ಕಾಯೇ, ಗೊತ್ತು. ಕೊಯ್ಯಿರಿ ಅಂದ ಬಾಯಿ ನಿನ್ನದು, ನೀನು ಕೊಯ್ಯದೆ ಇರೋಕಾಗಲ್ಲ, ಅದೂ ಗೊತ್ತು. ಹಂಗಾದರೆ ಹಿಂಗೆ ಮಾಡೋಣ. 'ಈ ಸಲ ಜಿಯಾಲಾಲನ ತೋಟ ಮೊದಲು' ಅಂತ ಮಹಾರಾಜ ಅಂದುಬಿಡಲಿ. ಯಾಕೆ, ಏನು ಅಂತ ದೇವರನ್ನ ಯಾರು ಕೇಳ್ತಾರೆ? ಚಿಕ್ಕಂದಿನಲ್ಲಿ ನನಗೋಸ್ಕರ ಅಪ್ಪನ ಹತ್ತಿರ ಎಷ್ಟು ಸುಳ್ಳು ಹೇಳಿದ್ದೀಯ ನೀನು. ಇದೊಂದು ಹೇಳು. ನನ್ನ ಹೆಂಡತಿ ಎರಡು ದಿನದಿಂದ ಬಿದ್ದ ಹಣ್ಣು ಆರಿಸ್ತಾ ಇದ್ದಾಳೆ, ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ನೀನೂ ಬಿಟ್ಟರೆ ನಾನೆಲ್ಲಿಗೆ ಹೋಗಲಿ?

ಟೋಪಿ ಯಾಕೆ ತೆಗೀತಿದ್ದೀಯ?

ಅಣ್ಣ, ಹಾಕ್ಕೋ ಅದನ್ನ. ಗೂರ್ ಟೋಪಿ ತೆಗೆದು ಜಡೆ ಬಿಚ್ಚೋದು ದೇವರು ಬರುವಾಗ. ಇಲ್ಲಿ ಡೋಲಿಲ್ಲ, ಧೂಪ ಇಲ್ಲ, ಅಡಿಗೆಮನೆ ಒಲೆ ಮುಂದೆ ಕೂತಿದ್ದೀವಿ... ನಾನು ಬಂದಿದ್ದು ನನ್ನ ಅಣ್ಣನ ಹತ್ತಿರ. ಅಣ್ಣನ ಹತ್ತಿರ ಒಂದು ಮಾತು ಹೆಚ್ಚು ಕಡಿಮೆ ಹೇಳಬಹುದು. ಜಡೆ ಬಿಚ್ಚಬೇಡ. ಯಾಕೆ ನಡುಗ್ತಿದ್ದೀಯ, ಚಳಿಯಾ? ಚಳಿ ಅನ್ನು. ಥೂ ಅಂತಾದರೂ ಅನ್ನು, ನೀನು ಮೋಹರ್ ಸಿಂಗನೇ ಅಂತ ನನಗೆ ಗೊತ್ತಾಗಲಿ...

ಅಣ್ಣ?

...ಮಹಾರಾಜ್. ನಿನ್ನ ಮರಕ್ಕೆ ಔಷಧಿ ಹೊಡೆದದ್ದೂ ನಾನೇ. ಅಂಗಳಕ್ಕೆ ಕಾಲಿಡೋಕೆ ಧೈರ್ಯ ಬರಲಿಲ್ಲ, ದಾರಿಯಲ್ಲೇ ನಿಂತು ಹೊಡೆದೆ. ಗುಡಿ ಕಡೆಗೆ ಪಂಪು ಎಟುಕಲಿಲ್ಲ. ಬೂಟು ಬಿಚ್ಚಿಟ್ಟಿದ್ದೆ ಮಹಾರಾಜ್... ಬರಿಗಾಲಲ್ಲೇ ನಿಂತು ಹೊಡೆದೆ.