ಗಬ್ಬೂರಿನ ಪಿಕಪ್ಪು

ರಾಯಚೂರಿನ ಗ್ಯಾರೇಜಿನಲ್ಲಿ ನನ್ನ ಸರದಿಗೆ ಕಾದು ಕೂತಿದ್ದೆ. ಎದುರಿಗೆ ಗಬ್ಬೂರಿನ ಗಡಿಗೆಪ್ಪನ ಡೀಸೆಲ್ ಪಿಕಪ್ಪು, ಗಾಡಿಯ ಬಲ ಅಳೆಯುವ ಯಂತ್ರದ ಉರುಳೆಗಳ ಮೇಲೆ ನಿಂತಲ್ಲೇ ಓಡಿತು. ಅದರ ಅಶ್ವಶಕ್ತಿ ಪರದೆಯ ಮೇಲೆ ಮೂಡಿತು.

“ಗಾಲಿ ತನಕ ಅರವತ್ತು ಎಚ್‌ಪಿ ಬರಾಕತ್ತದ. ಹೋರಿ ಹಂಗ ಅದರಿ ಯಣ್ಣಾ,” ನಕ್ಕ ಮೇಸ್ತ್ರಿ.

“ಇನ್ನೊಮ್ಮಿ ಅಳೀರಿ,” ಎಂದ ಗಡಿಗೆಪ್ಪ. “ಅವತ್ತು ಏರಿನ್ಯಾಗ ಎಳೀಲಿಲ್ಲ. ದವಾಖಾನಿ ಮುಟ್ಟೋದ್ರಾಗ ನನ್ನ ಹೆಂಡ್ತಿ ಹೋಗಿಬಿಟ್ಟಿದ್ಳು.”

ಮೇಸ್ತ್ರಿಯ ನಗು ನಿಂತಿತು.

“ಎರಡು ಸಲ ಅಳದೀನ್ರಿ, ಗಾಡಿಯಾಗ ಏನೂ ಕೊರತಿ ಇಲ್ಲ. ಅವತ್ತು ಲೋಡ್ ಇತ್ತೇನ್ರಿ?”

“ಮೂವತ್ತು ಚೀಲ ಭತ್ತ ಇತ್ತು. ಇಳಿಸಿದ್ರ ತಡ ಆಗತದಂತ ಹಂಗೇ ಹೊಂಟೆ.”

ಮೇಸ್ತ್ರಿ ಯಂತ್ರ ಆರಿಸಿ ಗಾಡಿಯ ಕೀಲಿ ಅವನ ಕೈಗಿಟ್ಟ.

“ಚೀಲ ಇಳಸ್ರಿ ಅಂತ ಆಕಿ ಅಂದಿದ್ಳು,” ಎಂದ ಗಡಿಗೆಪ್ಪ.

ಆಮೇಲೆ ಸ್ಟೇರಿಂಗ್ ಹಿಡಿದ. ಗ್ಯಾರೇಜಿನ ಮುಂದಿನ ಏರನ್ನು ಖಾಲಿ ಗಾಡಿ ಒಂದೇ ಉಸಿರಿಗೆ ಹತ್ತಿ ಹೋಯಿತು.