ದೇವರಿಗೆ ಬಿಟ್ಟ ಹುಂಜ

"ರಾತ್ರಿ ಯಾರೋ ಬಾಗ್ಲು ತಟ್ಟುದ್ರು. ಬೆಳಿಗ್ಗೆ ಎದ್ರೆ ಉಂಜ ಇಲ್ಲ!"

ಪಾಂಡವಪುರದ ಕೋಳಿಯಂಗಡಿಯಲ್ಲಿ, ನನ್ನ ಮುಂದೆ ಹೆಂಡತಿಯೊಡನೆ ನಿಂತಿದ್ದವನು ಅಂಗಡಿಯವನಿಗೆ ಹೇಳುತ್ತಿದ್ದ.

"ದೇವ್ರುಗೆ ಬುಟ್ಟಿದ್ದ ಉಂಜ ಕಣಣ್ಣ. ಜೊತೇಲಿದ್ರೆ ಕಾಪಾಡ್ತದೆ ಅಂತ ಅವ್ವನೇ ಕಾರಿಗೆ ಹತ್ಸಿದ್ಲು. ಮಂಗಳೂರಲ್ಲಿ ಸಮುದ್ರ ನೋಡ್ಕಂಡು, ಘಟ್ಟದ ಕಾಡಲ್ಲಿ ಒಂದು ಲಾಡ್ಜಲ್ಲಿ ಉಳ್ಕಂಡ್ವಿ. ಚಿರತೆ ಎತ್ಕಂಡೋಯ್ತು."

"ಚಿರತೆ ಬಾಗ್ಲು ತಟ್ತದಾ, ಯೋಗಾನಂದಣ್ಣ?"

"ತಮಾಸೆ ಬುಡು. ನಾಳೆ ಅರ್ಕೆ ತೀರಿಸ್ಬೇಕು. ಅಂತದೇ ಕೆಂಪುಂಜ ಕೊಡು, ಇಲ್ದಿದ್ರೆ ಅವ್ವ ಮನೆಗೆ ಸೇರ್ಸಲ್ಲ."

ಹೆಂಡತಿ ನಡುವೆ ಬಾಯಿ ಹಾಕಿದಳು.

"ರೀ, ತಟ್ಟಿದ್ದು ಲಾಡ್ಜಿನ ಅಡುಗೆಯೋನು. ಜಗಲೀಲಿ ಕಟ್ಟಾಕಿರೋ ಕೋಳೀನ ಸಾರು ಮಾಡ್ಲಾ ಅಂದ್ನಂತೆ. ನಿದ್ದೆಗಣ್ಣಲ್ಲೇ ಒಬ್ರು, ಮಾಡಪ್ಪ, ಖಾರ ಜಾಸ್ತಿ ಹಾಕು ಅಂದ್ರಂತೆ."

"ಯಾವೋನೇ ಅವ್ನು?"

"ಶನಿವಾರ ಅಂತ ನಾನು ಮುಟ್ನಿಲ್ಲ. ಅವ್ರು ಮೂಳೆನೂ ಬುಡ್ನಿಲ್ಲ. ಕೈ ತೊಳ್ಕಂಡು ಚಿರತೆ ಹುಡುಕಕ್ಕೋದ್ರು."

"ಹೆಸ್ರು ಯೋಳೇ!"

"ಹೆಂಗ್ ಯೋಳ್ಲಿ? ನಾನು ಆ ಹೆಸ್ರು ಯೋಳಂಗಿಲ್ಲ."

"ಪಾಪ ನಂಗೇ ಬರ್ಲಿ, ಯೋಳು!"

ಆಕೆ ಅಂಗಡಿಯವನು ಕೊಟ್ಟ ಹೊಸ ಹುಂಜವನ್ನು ಕಂಕುಳಲ್ಲಿ ಅವುಚಿಕೊಂಡು ಕಾರಿನತ್ತ ನಡೆದಳು. ಬಾಗಿಲು ತೆರೆದು, ತಲೆ ತಗ್ಗಿಸಿ ಹೇಳಿದಳು:

"ಯೋಗಾನಂದ."