ಬೆತ್ತ ಇಲ್ಲದ ಸ್ಕೂಲು

ಅಳ್ತಿದ್ದೀಯಾ? ಇಲ್ವಾ? ನೀನು ಅಳದೇ ಇದ್ರೆ ನಂಗೆ ಇನ್ನೂ ಭಯ ಆಗುತ್ತೆ ನೋಡು... ಮುತ್ತುಸೆಲ್ವಿ, ಕಣ್ಣೂ, ಒಂದು ಸಲ ಹೇಳಮ್ಮ ಕೇಳೋಣ. "ಕೊಳಾಯಿ ಹತ್ರ ಪಾಚಿ ಇತ್ತು, ಜಾರಿ ಬಿದ್ದೆ." ಅಷ್ಟೇ. ಹಾಂ? ನಿಮ್ಮಪ್ಪ ಕಾಮಯಗೌಂಡನ್‌ಪಟ್ಟಿ ಬಿಟ್ಟಾಯ್ತು. ಇನ್ನೇನು ಬಂದ.

ಯಾಕೆ ಹಂಗೆ ನೋಡ್ತೀಯಾ? ಆಫೀಸ್ ರೂಮಂತ ಹೆದರಿಕೆನಾ? ಬೇರೆಯೋರ ಹತ್ರ ನಾನು ತಮಿಳು, ಇಂಗ್ಲಿಷು. ನೀನು ನಮ್ಮೋಳು, ಮನೆ ಮಾತು ಕನ್ನಡದಲ್ಲೇ ಕೇಳ್ತಿದ್ದೀನಲ್ಲ! ಈ ಮಿಸ್ ಯಾರು ಗೊತ್ತಾ ನಿಂಗೆ? ತೇವಾರಂನಲ್ಲಿ ಮೊದಲ್ನೇ ಕೆಲಸ. ಹಾಜರಿ ಪುಸ್ತಕದ ಜೊತೆ ಒಂದು ಬೆತ್ತಾನೂ ಕೈಗಿಟ್ರು. ಅಲ್ಲೇ ಮುರಿದೆ. ಕೆಲಸ ಹೋಯ್ತು. ದಿಂಡಿಗಲ್‌ಗೆ ಹೋದೆ, ಅಲ್ಲೂ ಅದೇ ಜಗಳ. ಆಮೇಲೆ ಛೀ, ಯಾರ ಹಂಗೂ ಬೇಡ ಅಂತ ಈ ಗೂಡಲೂರಲ್ಲಿ ನಂದೇ ಸ್ಕೂಲು, ತಗಡಿನ ಕೆಳಗೆ ಹನ್ನೊಂದು ಮಕ್ಕಳು... ಅದ್ರಲ್ಲಿ ನಿಮ್ಮಪ್ಪ ಒಬ್ಬ. ಬಾಲಮುರುಗನ್! ಮೂಗು ಸುರಿಸ್ಕೊಂಡು. ನಗು ಬರುತ್ತಾ? ನಗು, ನಗು ತಾಯಿ.

"ಕಣ್ಣೆರಡು ಬಿಟ್ಟು ಮಿಕ್ಕಿದ್ದೆಲ್ಲಾ ನಿಮ್ದು ಟೀಚರ್, ತೊಗಲು ಸುಲೀರಿ" ಅಂತ ನಿಮ್ಮಜ್ಜಿ ವೆಳ್ಳೈಯಮ್ಮಾಳ್ ಅವನನ್ನ ನನ್ನ ಕಡೆ ತಳ್ಳಿದ್ಲು. ಇಲ್ಲಿ ಎಲ್ಲಾರೂ ಹಂಗೇ ಹೇಳಿ ಬಿಟ್ಟುಹೋಗೋದು. ಹಂಗೆ ಹೇಳಿದ್ರೆ ಸೇರಿಸ್ಕೊಳ್ಳಲ್ಲ ಅಂದ್ಬಿಟ್ಟೆ! ಗೇಟಲ್ಲಿ ಬೋರ್ಡ್ ಹಾಕ್ದೆ, ಇಲ್ಲಿ ಬೆತ್ತ ಇಲ್ಲ ಅಂತ. ಇಪ್ಪತ್ತಾರು ವರ್ಷ... ಇವತ್ತು ದಿಂಡಿಗಲ್‌ನಿಂದ ಕಮಿಟಿಯೋರು ಅದನ್ನೇ ನೋಡೋಕೆ ಬಂದಿದ್ರು. ಪ್ರಶಸ್ತಿ ಕೊಡ್ತಾರಂತೆ. ನೀನು ನೋಡಿದ್ರೆ ಸ್ವಾಗತಕ್ಕೆ ಕೊಟ್ಟ ಪನ್ನೀರು ಚೆಂಬನ್ನ ಅವರ ಮೈಮೇಲೆ ಕವುಚಿ, ಮೇಲಿಂದ ಕಿಸಕ್ಕಂತ ನಕ್ಕು... ಬೇಡ ಬಿಡು. ನಾನು ಬೈದ್ನಾ? ಇಲ್ಲ ತಾನೇ? ಕೊಳಾಯಿ ಹತ್ರ ಎಳ್ಕೊಂಡು... ಕರ್ಕೊಂಡು ಹೋದೆ, ಕೈ ತೊಳೆಸೋಕೆ. ಅಲ್ಲಿ ಬಿದ್ದೆ ನೀನು.

ಅಯ್ಯೋ, ಬೈಕ್ ಸದ್ದು! ಬಂದ್ಬಿಟ್ಟ. ಇರು, ಈ ಎಡಗಡೆ ಬಂದು ಕೂರ್ತೀನಿ, ಕಿವೀಲಿ ಹೇಳ್ಕೊಡ್ತೀನಿ. ಜಾರಿ ಬಿದ್ದೆ. ಹೇಳು. ಜಾರಿ... ಸೆಲ್ವಿ? ಹಟನಾ? ಜಾರಿ ಬಿದ್ದೆ ಅನ್ನು... ಸುಮ್ನೆ ಎದುರಿಗೆ ನೋಡ್ತಿದ್ದೀಯಲ್ಲ, ಸೆಲ್ವೀ!

...ಇರು. ಈ ಕಡೆ ಚಿಟಿಕೆ ಹೊಡೀತೀನಿ. ಕೇಳ್ತಾ? ಆ ಕಡೆ? ಹಾಂ, ಆ ಕಡೆ ತಿರುಗಿದೆ. ಇನ್ನೊಂದ್ಸಲ ಇಲ್ಲಿ. ಜೋರಾಗಿ ಹೊಡೆದೆ ಕಣ್ಣೂ, ಕೇಳಿಸ್ಲಿಲ್ವಾ? ಏನೂ?... ಇಲ್ಲ ಇಲ್ಲ, ಮುದುರ್ಕೋಬೇಡ, ಕೈ ಎತ್ತಿದ್ದು ಹೊಡೆಯೋಕಲ್ಲ!

ದೇವರೇ. ಒಂದೇ ಏಟಲ್ವಾ... ಒಂದೇ...

ಬಾಲಮುರುಗಾ! ಬೈಕ್ ಆಫ್ ಮಾಡ್ಬೇಡ, ಕಂಬಂ ಪೇಟೆಗೆ ಹೋಗ್ಬೇಕು, ಕಿವಿ ಡಾಕ್ಟ್ರ ಹತ್ರ. ಬೀಳಲಿಲ್ಲಪ್ಪಾ ಅವಳು. ಬೀಳಲಿಲ್ಲ. ನಾನು ಹೊಡೆದೆ.